ಮತ್ತೆ ಮತ್ತೆ ಹರಿಯೋ ರಬ್ಬರ್: ಆಲ್ಫಾ ಜಿಟಿವಿ6 ಕಾರಿನ ಶಾಫ್ಟ್

ಇಟಲಿಯ ಆಲ್ಫಾ ರೊಮಿಯೊ ಕಂಪನಿ 1980ರಲ್ಲಿ ಜಿಟಿವಿ6 ಅನ್ನೋ ಸ್ಪೋರ್ಟ್ಸ್ ಕಾರ್ ತಂತು. 2.5 ಲೀಟರ್ ವಿ6 ಇಂಜಿನ್, ಸುಮಾರು 160 ಹಾರ್ಸ್‌ಪವರ್. ಇಂಜಿನ್ ವಿನ್ಯಾಸ ಜುಸೆಪ್ಪೆ ಬುಸ್ಸೊ ಅವರದು, ಅದರ ಸದ್ದಿಗೆ ಇವತ್ತಿಗೂ ಜನ ಮರುಳಾಗ್ತಾರೆ. ಆದ್ರೆ ಈ ಕಾರ್ ಇಟ್ಕೊಂಡವರಿಗೆ ಒಂದು ಹಳೇ ತಲೆನೋವಿದೆ: ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕಪ್ಲಿಂಗ್. ಒಂದು ಹರಿಯುತ್ತೆ, ಹೊಸದು ಹಾಕಿಸ್ತಾರೆ. ಸ್ವಲ್ಪ ದಿನಕ್ಕೆ ಅದೂ ಹರಿಯುತ್ತೆ. "ಈಗಿನ ಪಾರ್ಟ್ಸ್ ಕ್ವಾಲಿಟಿನೇ ಸರಿ ಇಲ್ಲ" ಅಂತ ಬೈದು ಮೂರನೇದು ಹಾಕಿಸ್ತಾರೆ.

ಇದು ಬರೀ ದುಡ್ಡಿನ ವಿಷಯ ಅಲ್ಲ. ಕಾರ್ ವೇಗದಲ್ಲಿದ್ದಾಗ ಕಪ್ಲಿಂಗ್ ಪೂರ್ತಿ ಕಿತ್ತುಹೋದ್ರೆ, ಎರಡು ಸೀಟಿನ ಮಧ್ಯದ ಟನಲ್ ಕೆಳಗೆ ಉಕ್ಕಿನ ಶಾಫ್ಟ್ ಹಿಡಿತವಿಲ್ಲದೆ ಬಡಿದಾಡುತ್ತೆ. ಹಾಗಾಗಿ ಹರಿದಿದ್ದು ಯಾಕೆ ಅಂತ ಗೊತ್ತಾಗೋ ತನಕ ಹೊಸದನ್ನ ಹಾಕಬಾರದು ಅನ್ನೋದು ನನ್ನ ವಾದ.

ಮೊದಲು ಈ ಕಾರಿನ ಜೋಡಣೆ ನೋಡೋಣ. ಸಾಮಾನ್ಯ ರಿಯರ್ ವೀಲ್ ಡ್ರೈವ್ ಗಾಡಿಯಲ್ಲಿ ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರೂ ಮುಂದೆ ಇರುತ್ತೆ. ಗೇರ್‌ಬಾಕ್ಸ್ ಆದ್ಮೇಲೆ ಶಾಫ್ಟ್ ಶುರು. ಜಿಟಿವಿ6ನಲ್ಲಿ ಹಾಗಲ್ಲ. ಮುಂದೆ ಹಿಂದೆ ತೂಕ ಹೆಚ್ಚುಕಮ್ಮಿ ಸಮ ಬರಲಿ ಅಂತ ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲಾನೂ ಹಿಂದೆ ಇಟ್ಟಿದ್ದಾರೆ. 1972ರ ಆಲ್ಫೆಟ್ಟಾ ಕಾರಿಂದ ಬಂದ ಪದ್ಧತಿ ಇದು. ಶಾಫ್ಟ್ ಎರಡು ತುಂಡು, ನಡುವೆ ಒಂದು ಸಪೋರ್ಟ್ ಬೇರಿಂಗ್, ಒಟ್ಟು ಮೂರು ರಬ್ಬರ್ ಕಪ್ಲಿಂಗ್. ಇದನ್ನ 'ಜೂಬೊ' ಅಂತಾರೆ, ಬೊಸ್ಕಿ ಅನ್ನೋರ ಜಾಯಿಂಟ್ ಅನ್ನೋ ಅರ್ಥದ ಇಟಾಲಿಯನ್ ಹೆಸರಿನ ಚಿಕ್ಕ ರೂಪ. ನಮ್ಮ ಬೈಕಿನ ಹಿಂದಿನ ಚಕ್ರದಲ್ಲಿ ಡ್ರಮ್ ರಬ್ಬರ್ ಇರುತ್ತಲ್ಲ, ಅದರ ಅಣ್ಣ ಅಂದ್ಕೊಳ್ಳಿ. ಜರ್ಕ್ ನುಂಗೋ ಕೆಲಸ ಎರಡಕ್ಕೂ ಒಂದೇ.

ಈ ಜೋಡಣೆಯಿಂದ ಶಾಫ್ಟಿನ ಮೇಲೆ ಬೀಳೋ ಲೋಡೇ ಬದಲಾಗುತ್ತೆ. ಇಂಜಿನ್ ಟಾರ್ಕ್ 213 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ಮುಂದೆ ಇದ್ದು, ಫಸ್ಟ್ ಗೇರ್ ಅನುಪಾತ 3.5 ಅಂತ ಹಿಡಿದ್ರೆ, ಶಾಫ್ಟಿಗೆ ಸುಮಾರು 745 ಹೋಗ್ತಿತ್ತು. ಇಲ್ಲಿ ಬರೋದು ಆ 213 ಮಾತ್ರ. ಒಳ್ಳೇದೇ ಅಲ್ವಾ? ಆದ್ರೆ ಟಾರ್ಕಿನಲ್ಲಿ ಉಳಿಸಿದ್ದನ್ನ ವೇಗದಲ್ಲಿ ತೆರಬೇಕು. ಇಂಜಿನ್ ಎಷ್ಟು ಆರ್‌ಪಿಎಂ ತಿರುಗುತ್ತೋ ಶಾಫ್ಟೂ ಅಷ್ಟೇ ತಿರುಗುತ್ತೆ. ಸಿಗ್ನಲ್‌ನಲ್ಲಿ ಕಾರ್ ನಿಂತಿದ್ರೂ ಅದಕ್ಕೆ ಬಿಡುವಿಲ್ಲ.

ಈಗ ಲೆಕ್ಕ ಮಾಡಿ. ಕಪ್ಲಿಂಗಿನ ಎರಡು ಕಡೆ ಶಾಫ್ಟ್ ಒಂದು ಡಿಗ್ರಿ ಓರೆ ಇದೆ, ಬೋಲ್ಟುಗಳು ನಡುವಿಂದ 45 ಮಿಲಿಮೀಟರ್ ದೂರದಲ್ಲಿವೆ ಅಂದ್ಕೊಳ್ಳಿ. ಆಗ ರಬ್ಬರ್ ಪ್ರತಿ ಸುತ್ತಿಗೂ ಆಚೆಗೊಮ್ಮೆ ಈಚೆಗೊಮ್ಮೆ ಸುಮಾರು 0.8 ಮಿಲಿಮೀಟರ್ ಬಾಗುತ್ತೆ. 3000 ಆರ್‌ಪಿಎಂನಲ್ಲಿ ಗಂಟೆಗೆ 1,80,000 ಸಲ! ರಬ್ಬರ್ ಬಾಗಿ ವಾಪಸ್ ಬರುವಾಗ ಕೊಟ್ಟ ಶಕ್ತಿಯನ್ನೆಲ್ಲಾ ವಾಪಸ್ ಕೊಡಲ್ಲ. ಉಳಿದಿದ್ದು ಶಾಖ ಆಗುತ್ತೆ. ರಬ್ಬರ್ ಶಾಖವನ್ನ ಸುಲಭವಾಗಿ ಹೊರಗೆ ಬಿಡೋ ವಸ್ತು ಅಲ್ಲ, ಹಾಗಾಗಿ ಒಳಗೊಳಗೇ ಬೆಂದು ಸೋಲುತ್ತೆ. ಎಷ್ಟೇ ಒಳ್ಳೇ ಕಂಪನಿಯ ಪಾರ್ಟ್ ತಂದ್ರೂ ಓರೆ ಹಾಗೇ ಇದ್ರೆ ಗತಿ ಇದೇ.

ಓರೆ ಎಲ್ಲಿಂದ ಬಂತು? ಇಲ್ಲಿ ಈ ಕಾರೇ ಒಂದು ಸುಳಿವು ಕೊಡುತ್ತೆ. ಆಕ್ಸಲ್ ಜೊತೆಗೇ ಡಿಫರೆನ್ಷಿಯಲ್ ಮೇಲೆ ಕೆಳಗೆ ಆಡೋ ಗಾಡಿಗಳಲ್ಲಿ ಶಾಫ್ಟಿನ ಕೋನ ಬದಲಾಗ್ತಾನೇ ಇರುತ್ತೆ. ಜಿಟಿವಿ6ನಲ್ಲಿ ಗೇರ್‌ಬಾಕ್ಸ್ ಬಾಡಿಗೇ ಕೂತಿದೆ, ಚಕ್ರ ಹಳ್ಳಕ್ಕೆ ಬಿದ್ರೂ ಅದು ಅಲ್ಲೇ ಇರುತ್ತೆ. ಅಂದ್ರೆ ಶಾಫ್ಟ್ ಯಾವಾಗಲೂ ಹೆಚ್ಚುಕಮ್ಮಿ ನೇರ ಇರಬೇಕು. ಇಲ್ಲ ಅಂದ್ರೆ ಅನುಮಾನ ಹೋಗಬೇಕಾದ್ದು ಮೌಂಟಿಂಗ್‌ಗಳ ಮೇಲೆ. ನಲವತ್ತು ವರ್ಷದ ಇಂಜಿನ್ ಮೌಂಟ್ ಕುಸಿದು ಕೂತಿರುತ್ತೆ. ಇಂಜಿನ್ ಕಡೆಯ ತುದಿ 5 ಮಿಲಿಮೀಟರ್ ಇಳಿದು, ಮುಂದಿನ ತುಂಡು ಅರ್ಧ ಮೀಟರ್ ಇದ್ರೆ, ಅಷ್ಟಕ್ಕೇ ಅರ್ಧ ಡಿಗ್ರಿಗಿಂತ ಜಾಸ್ತಿ ಓರೆ. ಹಿಂದಿನ ಗೇರ್‌ಬಾಕ್ಸ್ ಮೌಂಟ್, ನಡುವಿನ ಬೇರಿಂಗಿನ ಸುತ್ತಲಿನ ರಬ್ಬರ್ ಇವೂ ಸೇರಿದ್ರೆ ಕೇಳೋದೇ ಬೇಡ.

ಇನ್ನೊಂದು ವಿಷಯ, ನನಗೆ ತುಂಬಾ ಇಷ್ಟ ಆಗಿದ್ದು. ಬೇರೆ ಗಾಡಿಗಳಲ್ಲಿ ಶಾಫ್ಟಿನ ನಡುಕ ರಸ್ತೆ ವೇಗದ ಜೊತೆ ಏರುತ್ತೆ. ಅದಕ್ಕೇ ಆರ್‌ಪಿಎಂ ಜೊತೆ ಏರೋ ನಡುಕ ಅಂದ ತಕ್ಷಣ ಅಭ್ಯಾಸಬಲದಿಂದ ಇಂಜಿನ್ ಬಿಚ್ಚೋಕೆ ಹೋಗ್ತಾರೆ. ಈ ಕಾರಲ್ಲಿ ಶಾಫ್ಟೇ ಆರ್‌ಪಿಎಂ ಜೊತೆ ಓಡೋದ್ರಿಂದ ಆ ಅಭ್ಯಾಸ ದಾರಿ ತಪ್ಪಿಸುತ್ತೆ. ಅದೇ ಗುಣ ನಮಗೆ ಉಪಯೋಗಕ್ಕೂ ಬರುತ್ತೆ. ಕಾರ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ರೇಸ್ ಮಾಡಿ. ನಡುಕ ಬಂದ್ರೆ ಚಕ್ರ, ಟೈರ್, ಡಿಫರೆನ್ಷಿಯಲ್ ಎಲ್ಲಾ ಲೆಕ್ಕದಿಂದ ಹೊರಗೆ, ಯಾಕಂದ್ರೆ ಅವು ತಿರುಗ್ತಾನೇ ಇಲ್ಲ. ಆಮೇಲೆ ಕ್ಲಚ್ ಒತ್ತಿ. ಆಗಲೂ ಅದೇ ನಡುಕ ಇದ್ರೆ ಗೇರ್‌ಬಾಕ್ಸೂ ಹೊರಗೆ. ಉಳಿಯೋದು ಇಂಜಿನ್, ಶಾಫ್ಟ್, ಕ್ಲಚ್ ಅಸೆಂಬ್ಲಿ. ಒಂದೇ ಒಂದು ಪಾರ್ಟ್ ಬಿಚ್ಚದೆ ಅರ್ಧ ಕೆಲಸ ಮುಗೀತು.

ಬ್ಯಾಲೆನ್ಸ್ ಬಗ್ಗೆ ಒಂದು ಮಾತು. 40 ಮಿಲಿಮೀಟರ್ ರೇಡಿಯಸ್‌ನಲ್ಲಿ ಬರೀ 5 ಗ್ರಾಂ ಹೆಚ್ಚಿದೆ ಅನ್ನಿ, ಒಂದು ಬೋಲ್ಟಿಗೆ ಮಾತ್ರ ಜಾಸ್ತಿ ವಾಷರ್ ಹಾಕಿದ ಹಾಗೆ. 1000 ಆರ್‌ಪಿಎಂನಲ್ಲಿ ಅದರ ಎಳೆತ ಸುಮಾರು 2 ನ್ಯೂಟನ್, 6000ದಲ್ಲಿ ಸುಮಾರು 79. ವೇಗ ಆರು ಪಟ್ಟು, ಬಲ ಮೂವತ್ತಾರು ಪಟ್ಟು. ಅದಕ್ಕೇ ಶಾಫ್ಟ್ ಬಿಚ್ಚೋ ಮೊದಲು ಪ್ರತಿ ಜೋಡಣೆಗೂ ಅಡ್ಡಲಾಗಿ ಪೇಂಟ್ ಗುರುತು ಹಾಕಬೇಕು, ಹೇಗಿತ್ತೋ ಹಾಗೇ ವಾಪಸ್ ಕೂರಿಸಬೇಕು.

ಬಿಚ್ಚಿದ ಮೇಲೆ ಹಳೇ ಕಪ್ಲಿಂಗನ್ನ ದಯವಿಟ್ಟು ಡಸ್ಟ್‌ಬಿನ್‌ಗೆ ಎಸೀಬೇಡಿ! ಇರೋ ಸಾಕ್ಷಿ ಅದೊಂದೇ. ಸುತ್ತಲೂ ಒಂದೇ ಥರ ಬಿರುಕು ಬಿಟ್ಟಿದ್ರೆ ಓರೆಯನ್ನ ಅನುಮಾನಿಸಿ. ಒಂದೇ ಕಡೆ ಬೋಲ್ಟ್ ಪಕ್ಕ ಸೀಳಿದ್ರೆ ಕೂರಿಸಿದ ರೀತಿಯನ್ನ ನೋಡಿ. ಉಬ್ಬಿ ಮೆತ್ತಗಾಗಿದ್ರೆ ಎಣ್ಣೆ ತಾಗಿದೆ, ಎಲ್ಲಿಂದ ಲೀಕ್ ಅಂತ ಹುಡುಕಿ. ಮೂರು ಕಪ್ಲಿಂಗಿನಲ್ಲಿ ಪ್ರತಿ ಸಲ ಅದೇ ಒಂದು ಹೋಗ್ತಿದ್ರೆ, ಅದರ ಪಕ್ಕದ ಮೌಂಟ್ ಅಥವಾ ಬೇರಿಂಗನ್ನೇ ಮೊದಲು ಹಿಡೀರಿ.

ಕೂರಿಸೋದ್ರಲ್ಲೂ ಒಂದು ಸೂಕ್ಷ್ಮ ಇದೆ. ಕಪ್ಲಿಂಗಿಗೆ ಆರು ಬೋಲ್ಟ್, ಮೂರು ಈ ಕಡೆಯ ಫ್ಲ್ಯಾಂಜಿಗೆ, ಮೂರು ಆ ಕಡೆಗೆ, ಒಂದು ಬಿಟ್ಟು ಒಂದು. ಆಕ್ಸಿಲರೇಟರ್ ಒತ್ತಿದಾಗ ಬೋಲ್ಟುಗಳ ಮಧ್ಯದ ರಬ್ಬರಿನಲ್ಲಿ ಮೂರು ಭಾಗ ಒತ್ತಡಕ್ಕೆ, ಮೂರು ಭಾಗ ಎಳೆತಕ್ಕೆ ಸಿಗುತ್ತೆ. ಕಾಲು ತೆಗೆದ್ರೆ ಉಲ್ಟಾ. ರಬ್ಬರ್ ಒತ್ತಡ ತಡೆಯುತ್ತೆ, ಎಳೆತದಲ್ಲಿ ಬಿರುಕು ಬೇಗ ಬೆಳೆಯುತ್ತೆ. ಅದಕ್ಕೇ ಹೊಸ ಕಪ್ಲಿಂಗನ್ನ ಮೊದಲೇ ಅಮುಕಿ ಸುತ್ತ ಲೋಹದ ಪಟ್ಟಿ ಕಟ್ಟಿರ್ತಾರೆ. ಆರೂ ಬೋಲ್ಟ್ ಪೂರ್ತಿ ಬಿಗಿಯಾದ ಮೇಲಷ್ಟೇ ಅದನ್ನ ಕತ್ತರಿಸಬೇಕು. ಮೊದಲೇ ಕತ್ತರಿಸಿದ್ರೆ ರಬ್ಬರ್ ಅಗಲವಾಗಿ ಬೋಲ್ಟ್ ತೂತಿಗೆ ಸರಿಯಾಗಿ ಕೂರಲ್ಲ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ರೆ ಆ ಅಮುಕಿದ ಲಾಭ ಹೋಯ್ತು. ಬಿಗಿ ಮಾಡುವಾಗ ರಬ್ಬರ್ ಕಡೆಯ ತಲೆ ಅಲುಗದ ಹಾಗೆ ಹಿಡಿದು ಫ್ಲ್ಯಾಂಜ್ ಕಡೆಯಿಂದ ತಿರುಗಿಸಿ, ಇಲ್ದಿದ್ರೆ ರಬ್ಬರ್ ತಿರುಚಿಕೊಂಡೇ ಕೂತುಬಿಡುತ್ತೆ.

ಕೆಲಸದ ಕ್ರಮ ಹೀಗಿರಲಿ: ಮೌಂಟ್‌ಗಳು, ನಡುವಿನ ಬೇರಿಂಗ್, ಶಾಫ್ಟ್ ತುದಿಯ ಬುಷ್, ಬ್ಯಾಲೆನ್ಸ್, ಕಡೇಲಿ ಹೊಸ ರಬ್ಬರ್. ಎಲ್ಲಾ ಆದ್ಮೇಲೆ ಬೋಲ್ಟುಗಳ ಮೇಲೆ ಬಿಳಿ ಪೇಂಟಿನ ಗೆರೆ ಎಳೆದು, ಒಂದು 500 ಕಿಲೋಮೀಟರ್ ಓಡಿಸಿ, ಕಾರನ್ನ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ ಕೆಳಗೆ ಮಲಗಿ ನೋಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಗೆರೆ ಸರಿದಿದ್ರೆ ಬೋಲ್ಟ್ ಸಡಿಲ ಆಗಿದೆ. ಗೆರೆ ಹಾಗೇ ಇದ್ದು ರಬ್ಬರಿನಲ್ಲಿ ಕೂದಲೆಳೆ ಬಿರುಕು ಕಂಡ್ರೆ, ಮತ್ತೆ ಕೋನ ಅಳೆಯೋದರಿಂದ ಶುರು ಮಾಡಿ.