ಪೋಷಕರ ಮನೆಗೆ ಸೇರುವ ಮಗುವಿಗೆ ನಾವು ಕೊಡತಕ್ಕದ್ದು

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಧರ್ಮಕಾರ್ಯಕ್ಕೆಂದು ಹಣವನ್ನೂ ಬಟ್ಟೆಬರೆಯನ್ನೂ ಕೂಡಿಸಿ ಕಳುಹಿಸುವುದುಂಟು. ಅದರಲ್ಲೊಂದು ಪಾಲನ್ನು ಪೋಷಕತ್ವದಲ್ಲಿರುವ ಮಕ್ಕಳಿಗೆ ವಿನಿಯೋಗಿಸಬಹುದೇ ಎಂದು ಕೆಲವರು ಕೇಳಿರುವುದರಿಂದ ಆ ವಿಷಯವನ್ನು ಇಲ್ಲಿ ವಿವರಿಸುವೆವು.

ಶಾಲೆಗಳಲ್ಲಿ ತಂದೆತಾಯಿಗಳನ್ನೇ ಪೋಷಕರೆಂದು ಕರೆಯುವ ರೂಢಿಯಿರುವುದರಿಂದ ಈ ಪದವು ಗೊಂದಲಕ್ಕೆ ಎಡೆಗೊಡುವುದು. ದತ್ತು ಹೋದ ಮಗುವು ಎಂದೆಂದಿಗೂ ಆ ಮನೆಯದೇ. ಪೋಷಕತ್ವವು ಹಾಗಲ್ಲ. ತಾಯಿಯು ದೀರ್ಘ ರೋಗದಿಂದ ಮಲಗಿದ್ದರೆ, ತಂದೆಯು ಸೆರೆಮನೆಯಲ್ಲಿದ್ದರೆ, ಮಕ್ಕಳ ಕಲ್ಯಾಣ ಸಮಿತಿಯು ವಿಚಾರಿಸಿ ಮಗುವನ್ನು ಯೋಗ್ಯವಾದ ಬೇರೊಂದು ಕುಟುಂಬದಲ್ಲಿ ಇರಿಸುವುದು. 2015ರ ಬಾಲನ್ಯಾಯ ಕಾಯ್ದೆಯ 44ನೆಯ ಕಲಮಿನಂತೆ ಒಡಹುಟ್ಟಿದವರನ್ನು ಆದಷ್ಟು ಮಟ್ಟಿಗೆ ಒಂದೇ ಮನೆಯಲ್ಲಿರಿಸಬೇಕು; ಸಮಿತಿಯು ಪ್ರತಿ ತಿಂಗಳೂ ಮಗುವಿನ ಯೋಗಕ್ಷೇಮವನ್ನು ನೋಡಬೇಕು; ಹೆತ್ತವರು ಬಂದು ಕಾಣಬಹುದು, ಅವರು ಸಮರ್ಥರಾದ ಮೇಲೆ ಮಗುವು ಹಿಂದಿರುಗಬಹುದು. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಮಿಷನಿನವರು ಅನಾಥಾಲಯಗಳಲ್ಲಿ ಕೂಡಿಸಿ ಸಾಕಿದರು. ಅಂದಿಗೆ ಅದೇ ದಾರಿ. ಇಂದಿನ ಕಾಯ್ದೆಯು ಮನೆಯನ್ನು ಮೊದಲು ಎಣಿಸಿ, ಸಂಸ್ಥೆಯನ್ನು ಕಟ್ಟಕಡೆಗೆ ಇಟ್ಟಿದೆ.

ಮಗುವು ಮನೆ ಬಿಟ್ಟು ಹೊರಡುವುದು ಬಹುಮಟ್ಟಿಗೆ ಅವಸರದಲ್ಲಿ. ಉಟ್ಟ ಬಟ್ಟೆ, ಪ್ಲಾಸ್ಟಿಕ್ ಚೀಲದಲ್ಲಿ ತುರುಕಿದ ಒಂದೆರಡು ಅಂಗಿ, ಇಷ್ಟೇ ಆಸ್ತಿ. ಹೊಸ ಮನೆಯವರು ಎಷ್ಟೇ ಒಳ್ಳೆಯವರಾದರೂ ಮೊದಲ ರಾತ್ರಿ ಅವರಲ್ಲಿ ಟವೆಲು ಕೇಳುವುದಕ್ಕೂ ಬಾಚಣಿಗೆ ಕೇಳುವುದಕ್ಕೂ ನಾಲಗೆ ಏಳದು. ಬಹು ವರ್ಷಗಳ ಹಿಂದೆ ನಾವು ಬೇರೊಂದು ಊರಿನಲ್ಲಿ ಪಾಠ ಹೇಳುತ್ತಿದ್ದಾಗ, ಇಂಥ ಬಾಲಕಿಯೊಬ್ಬಳು ಹೊಸ ಪುಸ್ತಕಗಳ ಮೇಲೆ ತನ್ನ ಹೆಸರನ್ನೇ ಬರೆಯದೆ ಇಟ್ಟಿದ್ದಳು. ಕೇಳಿದರೆ, “ಹೋಗುವಾಗ ಕೊಟ್ಟು ಹೋಗಬೇಕಲ್ಲ ಟೀಚರ್” ಎಂದಳು. ಆದುದರಿಂದ, ಇವಳು ಎಲ್ಲಿಗೆ ಹೋದರೂ ತನ್ನ ಜೊತೆಗೇ ಒಯ್ಯುವಂಥದನ್ನು ಕೊಡಬೇಕೆಂದು ನಮ್ಮ ಅಭಿಪ್ರಾಯ. ಗಟ್ಟಿಯಾದೊಂದು ಚೀಲ, ಅಳತೆಗೆ ತಕ್ಕ ಎರಡು ಜೊತೆ ಹೊಸ ಉಡುಪು, ಒಳ ಉಡುಪು, ಹೊದಿಕೆ, ಟವೆಲು, ಸೋಪು, ಚಪ್ಪಲಿ, ದೊಡ್ಡ ಹುಡುಗಿಯಾದರೆ ಪ್ಯಾಡುಗಳು, ಒಂದು ನೋಟುಪುಸ್ತಕ. ನಮ್ಮ ಬೀರುವಿನಲ್ಲಿ ಜಾಗ ಸಾಲದೆ ಹೊರಬಿದ್ದ ಹಳೆಯ ಬಟ್ಟೆಯನ್ನು ದಾನವೆನ್ನುವುದು ನಮಗೆ ಒಪ್ಪಿಗೆಯಿಲ್ಲ.

ಹಣದ ವಿಚಾರ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಪೋಷಕತ್ವದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದೆ. ಊಟ, ಬಟ್ಟೆ, ಔಷಧಗಳೆಲ್ಲ ನಡೆದ ಮೇಲೆ ಕನ್ನಡಕಕ್ಕೋ ಪರೀಕ್ಷೆಯ ವರ್ಷದ ಮನೆಪಾಠಕ್ಕೋ ಎಷ್ಟು ಉಳಿದೀತೆಂಬುದನ್ನು ಸಂಸಾರ ನಡೆಸುವ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ದಾನಿಗಳ ನೆನಪಿಗೆ ಬಾರದ ಇನ್ನೊಂದು ಖರ್ಚುಂಟು: ಹೆತ್ತ ತಾಯಿಯ ಭೇಟಿ. 2023ರಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ನಮ್ಮ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ, ನಿಜ. ಆದರೆ ಆ ದಿನದ ಕೂಲಿ ತಪ್ಪುವುದು. ಕೂಲಿಗೆ ಅಂಜಿ ತಾಯಿ ಬಾರದಿದ್ದರೆ ಮಗುವು ತನ್ನನ್ನು ಮರೆತರೆಂದೇ ತಿಳಿಯುವುದು. ಇಂಥ ಸಹಾಯವು ಹಬ್ಬದ ದಿನ ಒಟ್ಟಿಗೆ ಸುರಿಯುವುದಕ್ಕಿಂತ ಸ್ವಲ್ಪವಾದರೂ ತಿಂಗಳು ತಿಂಗಳೂ ನಡೆಯುವುದು ಮೇಲು. ಇನ್ನು, ಬಡತನವೊಂದೇ ಕಾರಣವಾಗಿ ಮಗುವು ಮನೆ ಬಿಡುವಂತಿದ್ದರೆ ಮೊದಲು ಆ ಮನೆಗೇ ನೆರವಾಗಬೇಕು. ಅದೇ ಕಾಯ್ದೆಯ 45ನೆಯ ಕಲಮು ಹೇಳುವ ಪ್ರಾಯೋಜಕತ್ವವು ಇದಕ್ಕಾಗಿಯೇ ಇದೆ.

ಯಾರೂ ಮಗುವಿರುವ ಮನೆಯನ್ನು ಹುಡುಕಿಕೊಂಡು ಹೋಗಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ವಿಚಾರಿಸಿ, ಅವರ ಮೂಲಕವೇ ಕೊಡತಕ್ಕದ್ದು. ಕೊಡುವಾಗ ಮಗುವನ್ನು ನಿಲ್ಲಿಸಿ ಫೋಟೋ ತೆಗೆಯುವ ಪದ್ಧತಿಯಂತೂ ಕೂಡದು. ಗುರುತು ಸಿಕ್ಕುವಂತೆ ಇಂಥ ಮಗುವಿನ ಹೆಸರು, ಶಾಲೆ, ಚಿತ್ರಗಳನ್ನು ಪ್ರಕಟಿಸುವುದು 74ನೆಯ ಕಲಮಿನಂತೆ ಶಿಕ್ಷಾರ್ಹ ಅಪರಾಧ. ನಮ್ಮ ಈ ಸಂಚಿಕೆಗೂ ಆ ನಿಯಮ ಅನ್ವಯಿಸುವುದು. ಕೊಟ್ಟವರ ಪಟ್ಟಿಯನ್ನು ಬೇಕಾದರೆ ಅಚ್ಚುಮಾಡುವೆವು, ಪಡೆದವರದನ್ನಲ್ಲ.

ಈ ವರ್ಷ ಎಷ್ಟು ಚೀಲಗಳು ಬೇಕು, ಯಾವ ವಯಸ್ಸಿನವರಿಗೆ, ಯಾವ ಅಳತೆ ಎಂಬುದನ್ನು ಘಟಕದವರಿಂದ ಕೇಳಿ ತಿಳಿಸುವೆವು. ಅದುವರೆಗೆ ಯಾರೂ ಬಟ್ಟೆಯನ್ನು ಕೊಳ್ಳಬಾರದೆಂದು ಕೇಳಿಕೊಳ್ಳುತ್ತೇವೆ.