ಮಗುಚುವ ಮೊದಲು: ಸ್ಪೇನಿನ ಬಟಾಟೆ–ಮೊಟ್ಟೆಯ ತಿನಿಸಿನ ಮೂಲಕ ವಿಧಾನ ಬರವಣಿಗೆ

(ಏಳು ಮತ್ತು ಎಂಟನೆಯ ತರಗತಿಗಳಿಗೆ, ಮೂರು ಅವಧಿಗಳ ಪಾಠ)

‘ನಿಮಗೆ ತಿಳಿದಿರುವ ಒಂದು ಅಡುಗೆಯ ವಿಧಾನವನ್ನು ಬರೆಯಿರಿ’ ಎಂಬ ಪ್ರಶ್ನೆ ನಮ್ಮ ಭಾಷಾ ತರಗತಿಗಳಲ್ಲಿ ಬಹಳ ಹಳೆಯದು. ಮಕ್ಕಳು ಉಪ್ಪಿಟ್ಟನ್ನೋ ಚಿತ್ರಾನ್ನವನ್ನೋ ಆರಿಸಿಕೊಂಡು ಐದಾರು ವಾಕ್ಯಗಳಲ್ಲಿ ಮುಗಿಸುತ್ತಾರೆ; ನಾವು ಕಾಗುಣಿತ ತಿದ್ದಿ ಅಂಕ ಕೊಡುತ್ತೇವೆ. ಆ ಬರಹವನ್ನೇ ನಂಬಿ ಒಲೆ ಹೊತ್ತಿಸಿದವನಿಗೆ ರವೆಯನ್ನು ಮೊದಲು ಹುರಿಯಬೇಕೆಂದಾಗಲಿ, ನೀರು ಎಷ್ಟು ಬೇಕೆಂದಾಗಲಿ ತಿಳಿಯುವುದಿಲ್ಲ. ಆದರೂ ಬರಹ ನಮಗೆ ಸರಿಯೆಂದೇ ತೋರುತ್ತದೆ. ಬರೆದ ಮಗುವಿಗೂ ಓದುವ ಅಧ್ಯಾಪಕರಿಗೂ ಉಪ್ಪಿಟ್ಟು ಗೊತ್ತಿರುವುದರಿಂದ, ಬಿಟ್ಟುಹೋದುದನ್ನೆಲ್ಲ ನೆನಪು ತುಂಬಿಕೊಳ್ಳುತ್ತದೆ.

ಆದ್ದರಿಂದ ಈ ಪಾಠಕ್ಕೆ ತರಗತಿಯಲ್ಲಿ ಹೆಚ್ಚಿನವರು ಕಂಡಿರದ, ಆದರೆ ಸಾಮಗ್ರಿಗಳೆಲ್ಲ ಕೈಗೆಟುಕುವ ಒಂದು ತಿನಿಸನ್ನು ಆರಿಸಿದೆ. ಅದು ಸ್ಪೇನ್ ದೇಶದ ‘ತೊರ್ತಿಯಾ ದೆ ಪತಾತಾಸ್’. ಬಟಾಟೆ, ಮೊಟ್ಟೆ, ಎಣ್ಣೆ, ಉಪ್ಪು, ಬೇಕೆನಿಸಿದರೆ ಈರುಳ್ಳಿ. ಇಷ್ಟರಿಂದ ಎರಡು ಬೆರಳು ದಪ್ಪದ ದುಂಡನೆಯ ಒಂದು ಬಿಲ್ಲೆ ಸಿದ್ಧವಾಗುತ್ತದೆ. ಸ್ಪೇನಿನವರ ಬೆಳಗಿನ ಉಪಾಹಾರ ಹಗುರ, ಮಧ್ಯಾಹ್ನದ ಊಟ ಎರಡು ಗಂಟೆಗೂ ತಡ. ನಡುವೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಇದರ ಒಂದು ಹೋಳನ್ನು ರೊಟ್ಟಿಯ ತುಂಡಿನೊಂದಿಗೆ ತಿಂದು ಕಾಫಿ ಕುಡಿಯುವುದು ಅಲ್ಲಿ ಸಾಮಾನ್ಯ ರೂಢಿ. ರಜೆಯ ದಿನ ಮನೆಯಲ್ಲಿ ಉಪಾಹಾರವನ್ನೂ ಊಟವನ್ನೂ ಒಂದಾಗಿಸಿ ಉಣ್ಣುವವರಿಗೂ ಇದು ಚೆನ್ನಾಗಿ ಒದಗುತ್ತದೆ.

ಪಾಠವನ್ನು ಹೆಸರಿನಿಂದಲೇ ಆರಂಭಿಸಬಹುದು. ‘ತೋರ್ತಾ’ ಎಂದರೆ ದುಂಡನೆಯ ರೊಟ್ಟಿ ಅಥವಾ ಬಿಲ್ಲೆ. ‘ತೊರ್ತಿಯಾ’ ಎಂದರೆ ಚಿಕ್ಕ ಬಿಲ್ಲೆ. ಇದೇ ಪದ ಮೆಕ್ಸಿಕೋದಲ್ಲಿ ಮೆಕ್ಕೆಜೋಳದ ತೆಳು ರೊಟ್ಟಿಗೆ ಸಲ್ಲುತ್ತದೆ. ಅಂತರ್ಜಾಲದಲ್ಲಿ ಚಿತ್ರ ಹುಡುಕುವ ಮಕ್ಕಳು ಎರಡನ್ನೂ ಬೆರೆಸಿಕೊಳ್ಳುವುದುಂಟು. ಮೊದಲೇ ತಿಳಿಸುವುದು ಒಳ್ಳೆಯದು. ಇನ್ನು ‘ಪತಾತಾ’ ನಮ್ಮವರಿಗೆ ಅಪರಿಚಿತವಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಗೆಣಸಿಗೆ ‘ಬತಾತ’ ಎಂಬ ಹೆಸರಿತ್ತು. ಆಂಡಿಸ್ ಪರ್ವತದ ಜನರು ತಮ್ಮ ಗಡ್ಡೆಯನ್ನು ‘ಪಾಪಾ’ ಎನ್ನುತ್ತಿದ್ದರು. ಸ್ಪೇನಿನಲ್ಲಿ ಇವೆರಡೂ ಬೆರೆತು ‘ಪತಾತಾ’ ಆಯಿತು. ಪೋರ್ಚುಗೀಸರು ‘ಬತಾತ’ವನ್ನೇ ಉಳಿಸಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಕಾಸರಗೋಡಿನ ಅಂಗಡಿಯ ‘ಬಟಾಟೆ’, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸಂತೆಯ ‘ಬಟಾಟಿ’ ಅದೇ ಬಳ್ಳಿಯವು. ಹೊಸೂರು, ತಾಳವಾಡಿಯ ಕಡೆ ತಮಿಳಿನ ‘ಉರುಳೈಕ್ಕಿಳಂಗು’, ಆದವಾನಿ, ರಾಯದುರ್ಗದ ಕಡೆ ತೆಲುಗಿನ ‘ಉರ್ಲಗಡ್ಡ’ ಮಕ್ಕಳ ಕಿವಿಯ ಮೇಲಿರುತ್ತವೆ. ಪಠ್ಯಪುಸ್ತಕದ ‘ಆಲೂಗಡ್ಡೆ’ಯನ್ನೇ ಬರೆಯಬೇಕೆಂಬ ಹಟ ಈ ಪಾಠಕ್ಕೆ ಬೇಡ. ಮಗು ಮನೆಯಲ್ಲಿ ಆಡುವ ಪದವನ್ನು ಬರೆಯಲಿ. ಬರಹದ ಉದ್ದಕ್ಕೂ ಒಂದೇ ಪದವನ್ನು ಬಳಸಲಿ. ಇಲ್ಲಿ ಬಟಾಟೆ ಎಂದು ಬರೆದಿರುವುದು ಸ್ಪೇನಿನ ಪದಕ್ಕೆ ಅದು ದಾಯಾದಿಯೆಂಬ ಕಾರಣಕ್ಕೆ.

ಇನ್ನು ಮಾಡುವ ಕ್ರಮ. ಅಧ್ಯಾಪಕರು ಇದನ್ನು ಒಮ್ಮೆಯಾದರೂ ಮನೆಯಲ್ಲಿ ಮಾಡಿ ನೋಡಿರಬೇಕು. ಓದಿದ್ದನ್ನಷ್ಟೇ ಹೇಳಿದರೆ ಮಕ್ಕಳ ಪ್ರಶ್ನೆಗಳು ಎರಡನೆಯ ನಿಮಿಷದಲ್ಲೇ ನಮ್ಮನ್ನು ನಿಲ್ಲಿಸುತ್ತವೆ.

ನಾಲ್ವರಿಗೆ ಅರ್ಧ ಕಿಲೋ ಬಟಾಟೆ, 5 ಅಥವಾ 6 ಮೊಟ್ಟೆ, ಒಂದು ಮಧ್ಯಮ ಗಾತ್ರದ ಈರುಳ್ಳಿ, ಸುಮಾರು 250 ಮಿಲಿಲೀಟರ್ ಎಣ್ಣೆ. ಸ್ಪೇನಿನಲ್ಲಿ ಆಲಿವ್ ಎಣ್ಣೆ. ನಮ್ಮಲ್ಲಿ ಕಡಲೆಕಾಯಿ ಎಣ್ಣೆ ಸಾಕು, ರುಚಿ ಮಾತ್ರ ಬೇರೆ. ಇದರಲ್ಲಿ ಬಹುಪಾಲು ಎಣ್ಣೆ ಸೋಸಿದಾಗ ಮರಳಿ ದೊರೆಯುತ್ತದೆ. ಹಸಿರು ಬಣ್ಣಕ್ಕೆ ತಿರುಗಿದ ಬಟಾಟೆಯನ್ನು ತೆಗೆದಿಡಬೇಕು. ಅದರಲ್ಲಿ ಸೋಲನಿನ್ ಎಂಬ ವಿಷಾಂಶ ಹೆಚ್ಚಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ.

ಬಟಾಟೆಯ ಸಿಪ್ಪೆ ತೆಗೆದು, ತೊಳೆದು, ಒರೆಸಿ, ಸುಮಾರು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಬೇಕು. ಎಣ್ಣೆಯನ್ನು ಹದವಾಗಿ ಕಾಯಿಸಿ, ಬಟಾಟೆಯನ್ನೂ ಈರುಳ್ಳಿಯನ್ನೂ ಹಾಕಿ, ಉಪ್ಪು ಉದುರಿಸಿ, ಸಣ್ಣ ಉರಿಯಲ್ಲಿ ಸುಮಾರು ಇಪ್ಪತ್ತು ನಿಮಿಷ ಬಿಡಬೇಕು. ನಮ್ಮ ಕೈ ತಪ್ಪುವುದು ಇಲ್ಲಿಯೇ. ಎಣ್ಣೆ ಕಂಡ ಕೂಡಲೇ ಉರಿ ಹೆಚ್ಚಿಸಿ ಗರಿಗರಿಯಾಗಿಸುವುದು ನಮ್ಮ ರೂಢಿ. ಇಲ್ಲಿ ಬಟಾಟೆ ಕೆಂಪಗಾಗಬಾರದು, ಗರಿಯಾಗಲೂಬಾರದು. ಚಮಚೆಯ ಅಂಚು ಒತ್ತಿದರೆ ಮುರಿಯುವಷ್ಟು ಮೆತ್ತಗಾಗಬೇಕು. ಅನಂತರ ಸೋಸುಬಟ್ಟಲಿಗೆ ಹಾಕಿ, ಎಣ್ಣೆ ಇಳಿದು ಬಿಸಿ ತಗ್ಗುವ ತನಕ ಕಾಯಬೇಕು. ಕುದಿಬಿಸಿಯಲ್ಲೇ ಮೊಟ್ಟೆಗೆ ಹಾಕಿದರೆ ಬಟ್ಟಲಲ್ಲೇ ಮೊಟ್ಟೆ ಒಡೆದು ತರಿತರಿಯಾಗುತ್ತದೆ. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗತೊಡಗುತ್ತದೆ, ಹಳದಿ 65ರಿಂದ 70ರ ನಡುವೆ. ವಿಜ್ಞಾನದ ಅಧ್ಯಾಪಕರು ಪ್ರೋಟೀನಿನ ಪಾಠಕ್ಕೆ ಈ ಅಂಶವನ್ನು ಎರವಲು ಪಡೆಯಬಹುದು.

ಕಲಕಿದ ಮೊಟ್ಟೆಗೆ ಬಟಾಟೆ ಬೆರೆಸಿ ಹತ್ತು ನಿಮಿಷ ನೆನೆಯಬಿಡಬೇಕು. ಅಂಚುಳ್ಳ, ತಳ ಸಮವಾಗಿರುವ, ಸುಮಾರು 22 ಸೆಂಟಿಮೀಟರ್ ಅಗಲದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಮಿಶ್ರಣ ಸುರಿದು, ಉರಿ ತಗ್ಗಿಸಿ, ಅಂಚು ಬಿಡುವ ತನಕ ಬೇಯಿಸಬೇಕು. ಆಮೇಲೆ ಮಗುಚುವುದು. ದೋಸೆಯಂತೆ ಸಟ್ಟುಗದಿಂದ ಮಗುಚಲು ಹೋದರೆ ಎರಡಾಗುತ್ತದೆ. ಬಾಣಲೆಗಿಂತ ಅಗಲವಾದ ತಟ್ಟೆಯನ್ನು ಮೇಲೆ ಕವುಚಿ, ಒಂದು ಕೈಯಿಂದ ತಟ್ಟೆಯನ್ನು ಒತ್ತಿಹಿಡಿದು, ಇನ್ನೊಂದರಿಂದ ಬಾಣಲೆಯ ಹಿಡಿಯನ್ನು ಹಿಡಿದು, ಒಂದೇ ಬೀಸಿನಲ್ಲಿ ತಲೆಕೆಳಗು ಮಾಡಬೇಕು. ತಟ್ಟೆಗೆ ಬಂದುದನ್ನು ಮೆಲ್ಲನೆ ಜಾರಿಸಿ ಬಾಣಲೆಗೆ ಮರಳಿಸಬೇಕು. ಇದಕ್ಕೆಂದೇ ಮಾಡಿದ ತಟ್ಟೆಗಳು ಸ್ಪೇನಿನ ಅಂಗಡಿಗಳಲ್ಲಿ ಸಿಗುತ್ತವೆ. ಇನ್ನು ಮೂರು ನಿಮಿಷ ಬೇಯಿಸಿ, ಇಳಿಸಿ, ಐದು ನಿಮಿಷ ಆರಲು ಬಿಟ್ಟು ಹೋಳು ಮಾಡಬಹುದು.

ಒಳಗೆ ಸ್ವಲ್ಪ ತೆಳುವಾಗಿ ಹರಿಯುವಂತೆ ಬಿಡುವುದು ಅಲ್ಲಿ ಕೆಲವರಿಗೆ ಇಷ್ಟ. ಗಲೀಸಿಯಾ ಪ್ರಾಂತದ ಬೆತಾನ್ಸೋಸ್ ಊರು ಅದಕ್ಕೇ ಹೆಸರಾಗಿದೆ. ಮಕ್ಕಳಿಗಾಗಿ ಮಾಡುವಾಗ ಪೂರ್ತಿ ಬೇಯಿಸಲೇಬೇಕು. ಸ್ಪೇನ್ ಸರ್ಕಾರವೂ 1991ರಲ್ಲಿ, 75 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಮಾಡುವ ತಿನಿಸುಗಳಿಗೆ ಹಸಿ ಮೊಟ್ಟೆ ಬಳಸಬಾರದೆಂದು ಉಪಾಹಾರಗೃಹಗಳಿಗೆ ನಿಯಮ ಮಾಡಿತು. ಈರುಳ್ಳಿ ಹಾಕಬೇಕೇ ಬೇಡವೇ ಎಂಬ ವಾದ ಮಾತ್ರ ಅಲ್ಲಿ ಯಾವ ನಿಯಮಕ್ಕೂ ಬಗ್ಗಿಲ್ಲ.

ಎರಡನೆಯ ಅವಧಿಯಲ್ಲಿ ಮಕ್ಕಳು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಬರೆಯಲಿ. ಮೊದಲ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ: ‘ಬಟಾಟೆ ಹೆಚ್ಚಬೇಕು. ಎಣ್ಣೆಯಲ್ಲಿ ಹಾಕಬೇಕು. ಮೊಟ್ಟೆ ಹಾಕಬೇಕು. ತಿರುಗಿಸಬೇಕು. ತಿನ್ನಬೇಕು.’ ಇಲ್ಲಿ ವ್ಯಾಕರಣದ ತಪ್ಪಿಲ್ಲ, ತಿನಿಸೂ ಇಲ್ಲ. ‘ಹಾಕು’ ಎಂಬ ಒಂದು ಕ್ರಿಯಾಪದ ಎಲ್ಲ ಕೆಲಸವನ್ನೂ ಹೊತ್ತುಕೊಂಡಿದೆ. ಇದೇ ಮಗುವಿನ ಮನೆಯಲ್ಲಿ ಸುರಿ, ಉದುರಿಸು, ಬೆರೆಸು, ಕಲಕು, ಬಾಡಿಸು, ಹುರಿ, ಕರಿ, ಬಸಿ, ಸೋಸು, ಕವುಚು, ಮಗುಚು, ಜಾರಿಸು ಎಂಬ ಪದಗಳೆಲ್ಲ ದಿನವೂ ಓಡಾಡುತ್ತವೆ. ಗಡಿಯಾಚೆಯ ನಮ್ಮ ಮಕ್ಕಳ ಬೀದಿಯ ಭಾಷೆ ಬೇರೆ, ಕಚೇರಿಯ ಭಾಷೆ ಬೇರೆ, ಎಷ್ಟೋ ವೇಳೆ ಆಟದ ಭಾಷೆಯೂ ಬೇರೆ. ಅಡುಗೆಮನೆಯಲ್ಲಿ ಕನ್ನಡ ಇನ್ನೂ ಗಟ್ಟಿಯಾಗಿದೆ. ಆದರೆ ಅದು ಪುಸ್ತಕಕ್ಕೆ ಸಲ್ಲದ ಕನ್ನಡವೆಂದು ಮಗು ತಾನೇ ತೀರ್ಮಾನಿಸಿ ಹೊರಗೆ ಬಿಟ್ಟು ಬಂದಿರುತ್ತದೆ. ಈ ಪದಗಳನ್ನು ಕರಿಹಲಗೆಯ ಮೇಲೆ ಬರೆಸುವುದೇ ಪಾಠದ ಮುಖ್ಯ ಕೆಲಸ. ‘ಮನೆಯಲ್ಲಿ ಅಜ್ಜಿ ಇದಕ್ಕೆ ಏನನ್ನುತ್ತಾರೆ?’ ಎಂದು ಕೇಳಿದರೆ ಹಲಗೆ ಬೇಗ ತುಂಬುತ್ತದೆ. ಒಂದೇ ಕೆಲಸಕ್ಕೆ ಎರಡು ಊರಿನ ಎರಡು ಪದ ಬಂದರೆ ಎರಡನ್ನೂ ಉಳಿಸಿರಿ.

ಆಮೇಲೆ ಒಂದು ತೊಡಕನ್ನು ಮುಂದಿಡಬೇಕು. ಸಣ್ಣ ಉರಿಯ ಎಣ್ಣೆಯಲ್ಲಿ ಬಟಾಟೆಯನ್ನು ಮೆತ್ತಗಾಗಿಸುವ ಆ ಇಪ್ಪತ್ತು ನಿಮಿಷದ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಕರಿ’ ಎಂದರೆ ಗರಿಯಾಗುತ್ತದೆ. ‘ಹುರಿ’ ಎಂದರೆ ಎಣ್ಣೆ ಅಷ್ಟಿರುವುದಿಲ್ಲ, ಕೈಯೂ ಆಡುತ್ತಿರಬೇಕು. ‘ಬಾಡಿಸು’ ಹತ್ತಿರ ಬರುತ್ತದೆ, ಆದರೆ ಅದು ಸೊಪ್ಪಿಗೂ ಈರುಳ್ಳಿಗೂ ಒಪ್ಪುವಂಥದು. ‘ಎಣ್ಣೆಯಲ್ಲಿ ಬೇಯಿಸು’ ಎಂಬುದು ನನಗೆ ಸರಿಯೆನಿಸುತ್ತದೆ; ನೀರಿನೊಂದಿಗೆ ಹೋಗುವ ಪದವನ್ನು ಎಣ್ಣೆಗೆ ಜೋಡಿಸಿದಾಗ ಓದುಗ ಒಂದು ಕ್ಷಣ ನಿಂತು ಉರಿಯ ಕಡೆ ನೋಡುತ್ತಾನೆ. ಮಕ್ಕಳು ಬೇರೊಂದನ್ನು ಸೂಚಿಸಿ ಅದಕ್ಕೆ ಕಾರಣ ಕೊಟ್ಟರೆ ಅದೇ ನಿಲ್ಲಲಿ.

ಕ್ರಮವನ್ನು ಹೇಳಲು ಕನ್ನಡಕ್ಕೆ ‘ಮೊದಲು, ಎರಡನೆಯದಾಗಿ’ ಎಂಬ ಊರುಗೋಲುಗಳು ಅಷ್ಟಾಗಿ ಬೇಡ. ‘ಹೆಚ್ಚಿ, ಒರೆಸಿ, ಹಾಕಿ’ ಎಂಬ ಕೃದಂತಗಳ ಸಾಲೇ ಕೆಲಸಗಳನ್ನು ಒಂದರ ಹಿಂದೊಂದು ನಿಲ್ಲಿಸುತ್ತದೆ. ಅಳತೆಗೆ ‘ತನಕ’ ಮತ್ತು ‘ಅಂತೆ’ ಎಂಬವುಗಳ ಅಭ್ಯಾಸ ಮಾಡಿಸಬೇಕು: ‘ಅಂಚು ಬಿಡುವ ತನಕ’, ‘ಕೆಂಪಗಾಗದಂತೆ’, ‘ಚಮಚೆಗೆ ಮುರಿಯುವಂತೆ’. ಗಡಿಯಾರದ ನಿಮಿಷಕ್ಕಿಂತ ಇವು ನಂಬಿಕೆಗೆ ಅರ್ಹ, ಏಕೆಂದರೆ ಒಲೆಯಿಂದ ಒಲೆಗೆ ನಿಮಿಷ ಬದಲಾಗುತ್ತದೆ.

ತಿದ್ದಿದ ಬರಹವನ್ನು ಪಕ್ಕದ ತರಗತಿಯ ಒಬ್ಬ ವಿದ್ಯಾರ್ಥಿಗೆ ಕೊಟ್ಟು, ಏನೂ ಕೇಳದೆ ಒಂದೊಂದು ಹೆಜ್ಜೆಗೂ ಒಂದೊಂದು ಚಿತ್ರ ಬರೆಯಲು ಹೇಳಿರಿ. ಚಿತ್ರ ಎಲ್ಲಿ ನಿಂತಿತೋ ಬರಹ ಅಲ್ಲಿ ಕುಂಟಿದೆ. ಸಾಮಾನ್ಯವಾಗಿ ಅದು ಮಗುಚುವ ಜಾಗ. ತರಗತಿಯಲ್ಲಿ ಕಾದ ಎಣ್ಣೆ ಬೇಡ. ಮಗುಚುವ ಚಲನೆಯನ್ನು ಖಾಲಿ ಬಾಣಲೆ, ತಟ್ಟೆ, ಮಡಿಸಿದ ಬಟ್ಟೆಯಿಂದ ತೋರಿಸಿದರೆ ಸಾಕು. ಮನೆಯಲ್ಲಿ ಮಾಡುವುದಾದರೆ ಆ ಹೆಜ್ಜೆ ಹಿರಿಯರ ಕೈಯಲ್ಲಿರಲಿ ಎಂಬುದನ್ನೂ ಮಗು ತನ್ನ ಬರಹದಲ್ಲೇ ಸೇರಿಸಬೇಕು.

ಮೂರನೆಯ ಅವಧಿಗೆ ಇತಿಹಾಸದ ಒಂದು ಎಳೆ. 1835ರ ಬಿಲ್ಬಾವ್ ಮುತ್ತಿಗೆಯ ಕಾಲದಲ್ಲಿ ದಂಡನಾಯಕ ಸುಮಾಲಾಕಾರ್ರೆಗಿ ಹಸಿದ ಸೈನಿಕರಿಗಾಗಿ ಈ ತಿನಿಸನ್ನು ಹೊಸದಾಗಿ ಮಾಡಿಸಿದನೆಂಬ ಕಥೆ ಸ್ಪೇನಿನಲ್ಲಿ ಪ್ರಚಲಿತ. ಆದರೆ ಅದಕ್ಕೂ ಮೊದಲು, 1817ರಲ್ಲಿ, ನವಾರಾ ಪ್ರಾಂತದ ಸಭೆಗೆ ಹೆಸರಿಲ್ಲದವರೊಬ್ಬರು ಸಲ್ಲಿಸಿದ ಮನವಿಪತ್ರವೊಂದು ಉಳಿದಿದೆ. ಬೆಟ್ಟದ ರೈತರ ಬಡತನವನ್ನು ವಿವರಿಸುತ್ತ ಅದು, ಐದಾರು ಜನರಿಗೆ ಎರಡು ಮೂರೇ ಮೊಟ್ಟೆ ಇದ್ದರೂ ಮನೆಯ ಹೆಂಗಸರು ಬಟಾಟೆಯನ್ನೋ ರೊಟ್ಟಿಯ ಚೂರನ್ನೋ ಬೆರೆಸಿ ಬಿಲ್ಲೆಯನ್ನು ದೊಡ್ಡದಾಗಿಯೂ ದಪ್ಪವಾಗಿಯೂ ಮಾಡಬಲ್ಲರೆಂದು ಹೇಳುತ್ತದೆ. ದಂಡನಾಯಕನ ಕಥೆಗೆ ಪುರಾವೆಯಿಲ್ಲ, ಹೆಂಗಸರ ಜಾಣ್ಮೆಗೆ ಪತ್ರವಿದೆ. ಎರಡನ್ನೂ ಮಕ್ಕಳ ಮುಂದಿಟ್ಟು, ಯಾವುದನ್ನು ಏಕೆ ನಂಬುವಿರೆಂದು ಕೇಳಬಹುದು. ಗಣಿತಕ್ಕೂ ಇಲ್ಲಿ ಎಡೆಯಿದೆ: ನವಾರಾದ ಮನೆಯಲ್ಲಿ ಆರು ಜನರಿಗೆ ಮೂರು ಮೊಟ್ಟೆಯಾದರೆ ತಲೆಗೆಷ್ಟು, ನಮ್ಮ ವಿಧಾನದಲ್ಲಿ ನಾಲ್ವರಿಗೆ ಆರಾದರೆ ತಲೆಗೆಷ್ಟು?

ಮೊಟ್ಟೆ ತಿನ್ನದ ಮನೆಯ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರನ್ನು ಬದಿಗೆ ಕೂರಿಸುವ ಅಗತ್ಯವಿಲ್ಲ. 1941ರಲ್ಲಿ, ಅಂತರ್ಯುದ್ಧ ಮುಗಿದು ಸ್ಪೇನ್ ಹಸಿವಿನಲ್ಲಿದ್ದಾಗ, ಇಗ್ನಾಸಿ ದೊಮೆನೆಕ್ ಎಂಬ ಬಾಣಸಿಗ ತನ್ನ ಪುಸ್ತಕದಲ್ಲಿ ಮೊಟ್ಟೆಯೂ ಇಲ್ಲದ, ಬಟಾಟೆಯೂ ಇಲ್ಲದ ‘ಬಟಾಟೆ ತೊರ್ತಿಯಾ’ವನ್ನು ವಿವರಿಸಿದ್ದಾನೆ. ಕಿತ್ತಳೆಯ ಸಿಪ್ಪೆಯೊಳಗಿನ ಬಿಳಿಭಾಗವನ್ನು ನೆನೆಸಿದ್ದು ಬಟಾಟೆಯ ಬದಲು, ಹಿಟ್ಟು ನೀರಿನ ಕಲಸು ಮೊಟ್ಟೆಯ ಬದಲು. ನಮ್ಮ ಮಕ್ಕಳಿಗೆ ಕಿತ್ತಳೆಯ ಸಿಪ್ಪೆ ಬೇಡ. ಕಡಲೆಹಿಟ್ಟನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿದರೆ ಬಟಾಟೆಯನ್ನು ಚೆನ್ನಾಗಿ ಹಿಡಿಯುತ್ತದೆ. ಆ ಮಕ್ಕಳ ಬರಹದಲ್ಲಿ ನೀರಿನ ಅಳತೆ, ಹಿಟ್ಟು ಗಂಟುಕಟ್ಟದಂತೆ ಕಲಸುವ ಬಗೆ, ಹಸಿವಾಸನೆ ಹೋಗುವ ತನಕ ಬೇಯಿಸಬೇಕಾದ ಹೊತ್ತು, ಇವು ಹೆಚ್ಚುವರಿಯಾಗಿ ಬರಬೇಕು. ಅವರಿಗೆ ಇನ್ನೂ ಅರ್ಧ ಪುಟ ಕೊಡಿರಿ.