ಹೊಸ ರಿಮ್ ಹಾಕಿಸಿದ್ದೀಯ, ಚಕ್ರ ಬ್ಯಾಲೆನ್ಸ್ ಮಾಡಿಸಿದೆಯಾ?

ಬೈಕಿಗೆ ಹೊಸ ರಿಮ್ಮು, ಹೊಸ ಟೈರು ಹಾಕಿಸಿದ್ದೀಯ, ಸಂತೋಷ ಕಣಪ್ಪ. ಬರುವ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದೀಯ ಅಂತಲೂ ಕೇಳಿದೆ. ಹೋಗಿ ಬಾ. ಆದರೆ ಅದಕ್ಕೆ ಮುಂಚೆ ಎರಡೂ ಚಕ್ರ ಬ್ಯಾಲೆನ್ಸ್ ಆಗಿರಲಿ. ಮಾಂಬಳ್ಳಿ ಬೀದಿಯಲ್ಲಿ 30ರಲ್ಲಿ ಓಡಿಸುವಾಗ ಏನೂ ಗೊತ್ತಾಗಲ್ಲ. ಕೊಳ್ಳೇಗಾಲದ ರಸ್ತೆಯಲ್ಲಿ 80 ಮುಟ್ಟಿದಾಗ ಹ್ಯಾಂಡಲ್ ನಡುಗೋಕೆ ಶುರುವಾಗುತ್ತೆ.

ಲೆಕ್ಕ ಕೇಳು. 17 ಇಂಚಿನ ರಿಮ್ಮಿನ ಒಂದು ಕಡೆ ಬರೀ 20 ಗ್ರಾಂ ಹೆಚ್ಚಿದೆ ಅಂದುಕೋ. 80 ಕಿ.ಮೀ. ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ಹಾಕುತ್ತೆ. ಆಗ ಆ 20 ಗ್ರಾಂ ಎರಡು ಕೆ.ಜಿ.ಗೂ ಮೀರಿದ ಭಾರದಷ್ಟು ಜೋರಾಗಿ ಪ್ರತಿ ಸುತ್ತಿಗೂ ಆಕ್ಸಲ್ಲನ್ನು ಜಗ್ಗುತ್ತೆ. 40ರಲ್ಲಿ ಅದರ ಕಾಲು ಪಾಲು ಅಷ್ಟೇ. ಟೈರಿನ ರಬ್ಬರು ಸೇರುವ ಜಾಗ, ರಿಮ್ಮಿನ ಬೆಸುಗೆ, ವಾಲ್ವು, ಹೀಗೆ ಹೊಸ ಚಕ್ರದಲ್ಲೂ ಎಲ್ಲೋ ಒಂದು ಕಡೆ ತೂಕ ಕೂತಿರುತ್ತೆ.

ಸ್ಪೋಕ್ಸ್ ಚಕ್ರವಾದರೆ ಮೊದಲು ಬೆಂಡ್ ತೆಗೆಸು. ರಿಮ್ಮು ಅಡ್ಡಕ್ಕೂ ಓಲಾಡಬಾರದು, ಮೇಲಕ್ಕೂ ಕುಣಿಯಬಾರದು. ಸೊಟ್ಟ ಚಕ್ರಕ್ಕೆ ಎಷ್ಟು ತೂಕ ಅಂಟಿಸಿದರೂ ದಂಡ. ಟೈರಿನ ಪಕ್ಕದಲ್ಲಿ, ರಿಮ್ಮಿನ ಹತ್ತಿರ, ಸುತ್ತಲೂ ಒಂದು ಸಣ್ಣ ಗೆರೆ ಇರುತ್ತೆ. ಅದು ಎಲ್ಲ ಕಡೆ ರಿಮ್ಮಿಗೆ ಒಂದೇ ದೂರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ ಅಂತ. ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವಿನ ನೇರಕ್ಕೆ ಬರಲಿ.

ಹತ್ತಿರದಲ್ಲಿ ಮಷಿನ್ ಇಲ್ಲ ಅಂತ ಬಿಟ್ಟುಬಿಡಬೇಡ, ಮನೆಯಲ್ಲೇ ಆಗುತ್ತೆ. ಚಕ್ರ ಬಿಚ್ಚು. ಡ್ರಮ್ ಬ್ರೇಕಾದರೆ ಪ್ಲೇಟನ್ನೂ ತೆಗೆದಿಡು. ಆಕ್ಸಲ್ ತೂರಿಸಿ, ಅದರ ಎರಡು ತುದಿಯನ್ನೂ ಒಂದೇ ಎತ್ತರದ ಎರಡು ಸ್ಟೂಲಿನ ಮೇಲಿಟ್ಟು ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡು. ನಿಂತಾಗ ಕೆಳಗೆ ಬಂದದ್ದೇ ಭಾರದ ಜಾಗ. ಅಲ್ಲಿ ಸೀಮೆಸುಣ್ಣದ ಗುರುತು ಹಾಕು. ಮತ್ತೆ ಮತ್ತೆ ತಿರುಗಿಸಿದರೂ ಅದೇ ಕೆಳಗೆ ಬಂದರೆ, ಅದರ ಎದುರಿಗೆ 5 ಗ್ರಾಂ ತೂಕ ಟೇಪ್ ಹಾಕಿ ಅಂಟಿಸಿ ನೋಡು, ಸಾಲದಿದ್ದರೆ ಇನ್ನೈದು. ಯಾವ ಮಗ್ಗುಲಿಗೆ ತಿರುಗಿಸಿ ಬಿಟ್ಟರೂ ಚಕ್ರ ಅಲ್ಲೇ ನಿಂತರೆ ಕೆಲಸ ಆಯಿತು. ಬೇರಿಂಗ್ ಬಿಗಿಯಾಗಿದ್ದರೆ ಮಾತ್ರ ಈ ಪರೀಕ್ಷೆಯನ್ನು ನಂಬಬೇಡ. ಆಮೇಲೆ ಅಲಾಯ್ ಆದರೆ ರಿಮ್ಮಿನ ಜಿಡ್ಡು ಒರೆಸಿ ಅಂಟಿಸುವ ತೂಕ ಹಾಕು. ಸ್ಪೋಕ್ಸಿಗೆ ಕಚ್ಚಿಸುವ ತೂಕ ಬೇರೆ ಸಿಗುತ್ತೆ.

ಇಷ್ಟು ಮಾಡಿಯೂ ನಡುಗಿದರೆ ಹ್ಯಾಂಡಲ್ಲಿನ ಕೋನ್ ಸೆಟ್ಟು, ಚಕ್ರದ ಬೇರಿಂಗು ತೋರಿಸು.

ಹೊಸ ಟೈರು ಜಾರುತ್ತೆ ಮಗ, ಅದನ್ನು ಹಗುರವಾಗಿ ತಗೋಬೇಡ. ಮೊದಲ 150 ಕಿ.ಮೀ. ಯಳಂದೂರು, ಕೊಳ್ಳೇಗಾಲ ಅಂತ ಇಲ್ಲೇ ಮೆಲ್ಲಗೆ ಓಡಿಸು, ಮಾದಪ್ಪನ ಬೆಟ್ಟದ ದಾರಿಯ ತಾಳುಬೆಟ್ಟದ ತಿರುವುಗಳು ಆಮೇಲೆ. ಸ್ಪೋಕ್ಸ್ ಚಕ್ರವಾದರೆ ಅಷ್ಟರಲ್ಲಿ ಹೊಸ ಸ್ಪೋಕ್ಸೂ ಕೊಂಚ ಸಡಿಲವಾಗಿರುತ್ತೆ. ಹೊರಡುವ ಹಿಂದಿನ ದಿನ ಅದರ ಬಿಗಿ ಇನ್ನೊಮ್ಮೆ ನೋಡಿಸು.